ಓದು, ಮನೆ, ಪ್ರಯಾಣ, ಚಿತ್ರ: ಎಲ್ಲಕ್ಕೂ ಒಂದೇ ಡೈರಿ

ವಿಶ್ವವಿದ್ಯಾಲಯಕ್ಕೆ ಸೇರಿದಾಗಿನಿಂದ ನಾನು ಡೈರಿ ಇಟ್ಟುಕೊಂಡು ಬಂದಿದ್ದೇನೆ. ಅದರಲ್ಲಿ ಬರಹವೂ ಇದೆ, ಚಿತ್ರವೂ ಇದೆ. ನೋಡಿದವರೆಲ್ಲ ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: ಓದು, ಪರೀಕ್ಷೆ ಎಲ್ಲ ಇಟ್ಟುಕೊಂಡು ಇದಕ್ಕೆ ಟೈಮ್ ಹೇಗೆ ಸಿಗುತ್ತದೆ? ನನ್ನ ಉತ್ತರ ಒಂದೇ. ನನ್ನ ಹತ್ತಿರ ಇರುವುದು ಒಂದೇ ಪುಸ್ತಕ, ಅದು ಯಾವಾಗಲೂ ಬ್ಯಾಗಿನಲ್ಲೇ ಇರುತ್ತದೆ.

ಚಿತ್ರಕ್ಕೆ ಬೇರೆ ಪುಸ್ತಕ, ಪ್ರವಾಸಕ್ಕೆ ಬೇರೆ, ಮನಸ್ಸಿನ ಮಾತಿಗೆ ಬೇರೆ ಎಂದು ಇಡುವವರು ತುಂಬಾ ಜನ ಇದ್ದಾರೆ. ನೋಡಲು ಅಚ್ಚುಕಟ್ಟಾಗಿರುತ್ತದೆ ನಿಜ. ಆದರೆ ಬದುಕು ಹಾಗೆ ವಿಭಾಗ ಮಾಡಿಕೊಂಡು ಬರುವುದಿಲ್ಲ ಅಲ್ವಾ? ನನ್ನ ಡೈರಿಯ ಒಂದು ಪುಟ ಹೇಳುತ್ತೇನೆ. ಮೇಲೆ ತರಗತಿಯ ಕಿಟಕಿಯ ಚಿತ್ರ, ಪಕ್ಕದಲ್ಲಿ ಅವತ್ತು ಮೇಡಂ ಹೇಳಿದ ಒಂದು ಮಾತು: 'ಉತ್ತರ ಗೊತ್ತಾದ ಮೇಲೂ ಪ್ರಶ್ನೆಯನ್ನು ಇನ್ನೊಂದು ಸಲ ಓದಿ.' ಅದರ ಕೆಳಗೆ ಅಪ್ಪನ ಫೋನು: 'ನಿನ್ನ ರೂಮಿನ ಬಾಗಿಲ ಚಿಲಕ ಸರಿ ಮಾಡಿದೆ, ಈಗ ಶಬ್ದ ಬರಲ್ಲ.' ಅದರ ಕೆಳಗೆ ವಾರದ ಕೊನೆಗೆ ಹೊರಡುವ ರೈಲಿನ ಸಮಯ. ಇವೆಲ್ಲ ಬೇರೆ ಬೇರೆ ಪುಸ್ತಕಗಳಲ್ಲಿ ಇದ್ದಿದ್ದರೆ ಆ ದಿನ ನನಗೆ ಮತ್ತೆ ಸಿಗುತ್ತಿರಲಿಲ್ಲ. ಒಂದೇ ಪುಟದಲ್ಲಿ ಇರುವುದರಿಂದ, ನಾನು ಮನೆಗೆ ಹೋಗಲು ಎಷ್ಟು ಕಾಯುತ್ತಿದ್ದೆ ಎಂದು ಬೇರೆಯಾಗಿ ಬರೆಯಬೇಕಾಗಿಯೇ ಇಲ್ಲ.

ಪಾಠದ ನೋಟ್ಸ್ ಮಾತ್ರ ಇದರಲ್ಲಿ ಸೇರಿಸುವುದಿಲ್ಲ. ಅದು ಪರೀಕ್ಷೆಗೆ. ಡೈರಿಗೆ ಬರುವುದು ಪಾಠದ ಮಧ್ಯೆ ಮನಸ್ಸಿಗೆ ಹಿಡಿದ ಒಂದು ವಾಕ್ಯ, ಅಷ್ಟೇ.

ಬರೆಯುವ ಕ್ರಮ ತೀರಾ ಸರಳ. ಮೊದಲು ತಾರೀಖು, ಜಾಗ, ಗಂಟೆ. ಆಮೇಲೆ ಕಂಡದ್ದು ಒಂದು, ಕೇಳಿದ್ದು ಒಂದು. ಇಷ್ಟಾದ ಮೇಲೆ ಬೇಕಿದ್ದರೆ ಅನಿಸಿದ್ದು. ಈ ಕ್ರಮವನ್ನು ನಾನು ಬಿಡುವುದೇ ಇಲ್ಲ. 'ಇವತ್ತು ಸೆಮಿನಾರ್‌ನಲ್ಲಿ ತುಂಬಾ ಭಯ ಆಯಿತು' ಎಂದಷ್ಟೇ ಬರೆದರೆ ಆರು ತಿಂಗಳ ನಂತರ ಅದು ಯಾವ ಸೆಮಿನಾರ್ ಎಂದೇ ನೆನಪಾಗುವುದಿಲ್ಲ. 'ನನ್ನ ಸರದಿ ಬಂದಾಗ ಪ್ರೊಜೆಕ್ಟರ್ ಆಫ್ ಆಯಿತು. ಯಾರೂ ಎದ್ದು ಹೋಗಲಿಲ್ಲ. ಮುಂದಿನ ಸಾಲಿನ ಹುಡುಗಿ ತನ್ನ ಪೆನ್ನಿನ ಮುಚ್ಚಳ ಹಾಕಿ, ಕೈಕಟ್ಟಿ ಕಾದಳು' ಎಂದು ಬರೆದರೆ ಆ ಭಯ ತಾನಾಗಿ ಬರುತ್ತದೆ, ಆಮೇಲೆ ಬಂದ ಧೈರ್ಯವೂ ಬರುತ್ತದೆ. ಭಾವನೆ ಬರೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಕೂರಲು ಒಂದು ಜಾಗ ಮಾಡಿಕೊಡಿ ಎನ್ನುತ್ತಿದ್ದೇನೆ.

ಚಿತ್ರ ಬರೆಯಲು ಕಾಲೇಜಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಗ್ರಂಥಾಲಯದಲ್ಲಿ ಜನ ಎಷ್ಟೋ ಹೊತ್ತು ಅಲುಗಾಡದೆ ಕೂತಿರುತ್ತಾರೆ. ನಾನು ಹೆಚ್ಚಾಗಿ ಮಾಡುವುದು ಬರೀ ಅಂಚಿನ ಗೆರೆಯ ಚಿತ್ರ. ಕಣ್ಣು ಎದುರಿನವರ ಮೇಲೆ ಇರಬೇಕು, ಕಾಗದ ನೋಡಬಾರದು, ಪೆನ್ನು ಎತ್ತಬಾರದು. ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಹೋದ ಗೆಳತಿಯನ್ನು ಹೀಗೆ ಬರೆದೆ. ಕಿವಿಯಿಂದ ಶುರು ಮಾಡಿದೆ. ಗೆರೆ ದವಡೆಗೆ ಇಳಿಯಿತು, ಅಲ್ಲಿಂದ ಕೆನ್ನೆ ಒತ್ತಿದ್ದಕ್ಕೆ ಸುಕ್ಕಾದ ತುಟಿಯ ಮೂಲೆ, ಕೆಳಗೆ ಅಂಗೈ, ಆಮೇಲೆ ಪುಟದ ಮಡಚಿದ ಅಂಚು. ಮುಗಿದ ಮೇಲೆ ನೋಡಿದರೆ ಕಿವಿ ಮತ್ತು ಕೈ ಒಂದಕ್ಕೊಂದು ಅಳತೆಯಲ್ಲಿ ಇರಲಿಲ್ಲ. ಆದರೆ ಆ ತುಟಿಯ ಮೂಲೆ ಇತ್ತಲ್ಲ, ಅದು ಅವಳದೇ. ಈ ವಿಧಾನದಲ್ಲಿ ಹೋಲಿಕೆ ಮುಖ್ಯ ಅಲ್ಲ. ಕಣ್ಣಿನ ವೇಗಕ್ಕೆ ಕೈ ನಿಧಾನವಾಗುವುದು ಮುಖ್ಯ. 'ನನಗೆ ಚಿತ್ರ ಬರಲ್ಲ' ಎನ್ನುವವರಿಗೂ ನಾನು ಮೊದಲು ಇದನ್ನೇ ಹೇಳಿಕೊಡುವುದು. ಎದ್ದ ಮೇಲೆ ಅವಳಿಗೆ ಚಿತ್ರ ತೋರಿಸಿ, ಇಟ್ಟುಕೊಳ್ಳಲಾ ಎಂದು ಕೇಳಿದೆ. ಹೀಗೆ ಕೇಳುವುದನ್ನು ತಪ್ಪಿಸಬೇಡಿ.

ಮನೆಯವರ ವಿಷಯಕ್ಕೆ ಬಂದರೆ ಚಿತ್ರದ ಉಪಯೋಗ ಇನ್ನೂ ದೊಡ್ಡದು. ಅಜ್ಜಿಯ ಹಳೆಯ ಕಥೆಗಳನ್ನು ಉಳಿಸಬೇಕು ಅಂತ ನನಗೆ ಆಸೆ. ಫೋನಿನಲ್ಲಿ ರೆಕಾರ್ಡ್ ಮಾಡುತ್ತೇನೆ ಎಂದರೆ ಅಜ್ಜಿ ಬೆನ್ನು ನೆಟ್ಟಗೆ ಮಾಡಿ, ಬೇರೆಯವರ ಹಾಗೆ ಮಾತನಾಡಲು ಶುರು ಮಾಡುತ್ತಾರೆ. ಅದಕ್ಕೆ ನಾನು ಅವರ ಕೈ ಬರೆಯಲು ಕೂರುತ್ತೇನೆ. ಅವರು ನನ್ನ ಪೆನ್ಸಿಲ್ ನೋಡುತ್ತಾ ಕೂರುತ್ತಾರೆ, ಸ್ವಲ್ಪ ಹೊತ್ತಿಗೆ ಮಾತು ತಾನಾಗಿ ಬರುತ್ತದೆ. 'ಈ ಬೆರಳು ಸೊಟ್ಟ ಆಗಿದ್ದು ನಿಮ್ಮಪ್ಪ ಹುಟ್ಟೋ ಮುಂಚೆ' ಎಂದರು ಒಂದು ಸಲ. ಆ ಬೆರಳನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಅದು ಸೊಟ್ಟ ಇದೆ ಎಂದು ಗೊತ್ತಾದದ್ದು ಅವತ್ತೇ. ಚಿತ್ರದ ಪಕ್ಕದಲ್ಲಿ ಅವರ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳುತ್ತೇನೆ. ನನ್ನ ಭಾಷೆಗೆ ತಿದ್ದುವುದಿಲ್ಲ. 'ಅಜ್ಜಿ, ಇದನ್ನ ಬರ್ಕೊಳ್ಳಲಾ?' ಎಂದು ಪ್ರತಿ ಸಲ ಕೇಳುತ್ತೇನೆ. 'ಬೇಡ ಮಗಾ, ಅದು ನನ್ನ ಹತ್ರಾನೇ ಇರ್ಲಿ' ಎಂದರೆ ಬರೆಯುವುದಿಲ್ಲ.

ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1514ರಲ್ಲಿ ತನ್ನ ತಾಯಿಯನ್ನು ಇದ್ದಿಲಿನಲ್ಲಿ ಬರೆದ ಒಂದು ಚಿತ್ರ ಇದೆ. ಆಗ ಅವರಿಗೆ 63 ವರ್ಷ. ಹಣೆಯ ನೆರಿಗೆ, ಎದ್ದು ಕಾಣುವ ಕತ್ತಿನ ನರ, ಒಂದನ್ನೂ ಆತ ಮುಚ್ಚಿಡಲಿಲ್ಲ. ಇವರು ನನ್ನ ತಾಯಿ, ವಯಸ್ಸು ಇಷ್ಟು ಎಂದು ಚಿತ್ರದ ಮೇಲೆಯೇ ಬರೆದ. ಅದೇ ವರ್ಷದ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಅದನ್ನೂ ಅದೇ ಹಾಳೆಯ ಮೇಲೆ ಬರೆದು ಸೇರಿಸಿದ. ಆ ಹಾಳೆಯ ಮುದ್ರಣ ನೋಡಿದ ಮೇಲೆ ಮನೆಯವರ ಪ್ರತಿ ಚಿತ್ರಕ್ಕೂ ಹೆಸರು, ವಯಸ್ಸು, ತಾರೀಖು ಹಾಕುವುದನ್ನು ನಾನು ಕಡ್ಡಾಯ ಮಾಡಿಕೊಂಡೆ.

ಡೈರಿಯಲ್ಲಿ ಬರೆಯದೆ ಬಿಡುವುದೂ ಇದೆ. ಗೆಳೆಯರು ನಂಬಿ ಹೇಳಿದ ಗುಟ್ಟು ಬರೆಯುವುದಿಲ್ಲ. ಮನೆಯಲ್ಲಿ ಜಗಳ ಆದರೆ ನಾನು ಏನು ಹೇಳಿದೆ ಎಂಬುದನ್ನು ಪೂರ್ತಿ ಬರೆಯುತ್ತೇನೆ, ಬೇರೆಯವರು ಏನು ಹೇಳಿದರು ಎಂಬುದನ್ನು ಒಂದು ಸಾಲಿಗೆ ಮುಗಿಸುತ್ತೇನೆ. ಕೋಪದಲ್ಲಿ ಬೇರೆಯವರ ಮಾತು ನೆನಪಿನಲ್ಲಿ ಯಾವಾಗಲೂ ಸ್ವಲ್ಪ ಜಾಸ್ತಿ ಕೆಟ್ಟದಾಗಿಯೇ ಉಳಿಯುತ್ತದೆ.

ಪ್ರಯಾಣದ ಪುಟಗಳನ್ನು ನಾನು ಎರಡು ಹಂತದಲ್ಲಿ ಮಾಡುತ್ತೇನೆ. ಫ್ರಾನ್ಸಿನ ಚಿತ್ರಕಾರ ಯೂಜೀನ್ ಡೆಲಕ್ರಾ 1832ರಲ್ಲಿ ಒಂದು ರಾಜತಾಂತ್ರಿಕ ತಂಡದ ಜೊತೆ ಮೊರಾಕ್ಕೊಗೆ ಹೋಗಿದ್ದ. ಆಗಿನ ಅವನ ಪುಸ್ತಕಗಳಲ್ಲಿ ಚಿತ್ರ ಮತ್ತು ಬರಹ ಒಂದರೊಳಗೊಂದು ಸೇರಿಕೊಂಡಿವೆ. ಬಣ್ಣ ಹಾಕಲು ಸಮಯ ಇಲ್ಲದ ಕಡೆ ಬಣ್ಣದ ಹೆಸರನ್ನೇ ಬರೆದುಕೊಂಡಿದ್ದಾನೆ. ಊರಿಗೆ ಮರಳಿದ ಮೇಲೆ ಎಷ್ಟೋ ವರ್ಷ ಆ ಪುಸ್ತಕಗಳನ್ನು ನೋಡಿಕೊಂಡೇ ದೊಡ್ಡ ಚಿತ್ರಗಳನ್ನು ಮಾಡಿದ. ಈ ಪದ್ಧತಿ ವಿದ್ಯಾರ್ಥಿಗೆ ಹೇಳಿ ಮಾಡಿಸಿದ ಹಾಗಿದೆ. ಗುಂಪಿನ ಜೊತೆ ಹೋದಾಗ ನಮಗೆ ಒಂದು ಕಡೆ ನಿಲ್ಲಲು ಐದು ನಿಮಿಷ ಸಿಕ್ಕರೆ ಹೆಚ್ಚು. ಆ ಐದು ನಿಮಿಷದಲ್ಲಿ ಬರೀ ಗೆರೆ ಹಾಕುತ್ತೇನೆ, ಗೆರೆಯೊಳಗೆ 'ಒದ್ದೆ ಇಟ್ಟಿಗೆಯ ಕೆಂಪು', 'ನೆರಳು ನೀಲಿ, ಬೂದಿ ಅಲ್ಲ' ಎಂದು ಬರೆಯುತ್ತೇನೆ. ರಾತ್ರಿ ರೂಮಿಗೆ ಬಂದ ಮೇಲೆ ಬಣ್ಣ ಹಾಕುತ್ತೇನೆ. ಆ 'ಬೂದಿ ಅಲ್ಲ' ಎಂಬ ಮಾತು ತುಂಬಾ ಕೆಲಸ ಮಾಡುತ್ತದೆ. ರಾತ್ರಿ ಕೂತಾಗ ಕೈ ತಾನಾಗಿ ನೆರಳಿಗೆ ಬೂದಿ ಬಣ್ಣವನ್ನೇ ತೆಗೆದುಕೊಳ್ಳಲು ಹೋಗುತ್ತದೆ.

ರೈಲಿನಲ್ಲಿ ಹೊರಗಿನ ದೃಶ್ಯ ಬರೆಯಲು ಒದ್ದಾಡುವುದಕ್ಕಿಂತ ಒಳಗಿನ ಜನರನ್ನು ಬರೆಯುವುದು ಒಳ್ಳೆಯದು. ಚಪ್ಪಲಿ, ಬ್ಯಾಗು, ಮಡಚಿದ ಕಾಲು, ನಿದ್ದೆಯಲ್ಲಿ ವಾಲಿದ ತಲೆ. ಮುಖ ಬರೆಯದಿದ್ದರೆ ಯಾರಿಗೂ ಮುಜುಗರ ಆಗುವುದಿಲ್ಲ. ಖರ್ಚನ್ನೂ ಬರೆಯುತ್ತೇನೆ. ಡ್ಯೂರರ್ 1520–21ರಲ್ಲಿ ನೆದರ್‌ಲ್ಯಾಂಡ್ಸ್ ಕಡೆ ಪ್ರಯಾಣ ಮಾಡಿದಾಗ ಬರೆದ ದಿನಚರಿಯಲ್ಲಿ ಲೆಕ್ಕದ ಸಾಲುಗಳೇ ಜಾಸ್ತಿ: ಎಲ್ಲಿ ಎಷ್ಟು ಕೊಟ್ಟೆ, ಯಾರಿಗೆ ನನ್ನ ಯಾವ ಅಚ್ಚುಚಿತ್ರ ಕೊಟ್ಟೆ, ಯಾರ ಚಿತ್ರ ಬರೆದೆ. ಅವನ ಪ್ರಯಾಣ ನಮಗೆ ಇವತ್ತು ಅಷ್ಟು ಹತ್ತಿರದಿಂದ ಕಾಣುವುದು ಆ ಲೆಕ್ಕದಿಂದಲೇ. ಟಿಕೆಟ್ ಅಂಟಿಸುವವರಿಗೆ ಒಂದು ಮಾತು: ಈಗಿನ ಎಷ್ಟೋ ಟಿಕೆಟ್, ರಸೀದಿಗಳು ಶಾಖಕ್ಕೆ ಕಪ್ಪಾಗುವ ಕಾಗದದ ಮೇಲೆ ಬಂದಿರುತ್ತವೆ. ಅಕ್ಷರ ದಿನ ಕಳೆದಂತೆ ಮಾಸಿಹೋಗುತ್ತದೆ. ವಿವರವನ್ನು ಪಕ್ಕದಲ್ಲಿ ಪೆನ್ನಿನಿಂದ ಬರೆದುಕೊಳ್ಳಿ. ಪಾರದರ್ಶಕ ಟೇಪ್ ಬಳಸಬೇಡಿ, ಅದು ಹಳದಿಯಾಗಿ ಕಾಗದಕ್ಕೂ ಕಲೆ ಮಾಡುತ್ತದೆ. ಆಮ್ಲ ಇಲ್ಲದ ಗೋಂದು ಸಾಕು.

ವಸ್ತುಸಂಗ್ರಹಾಲಯಕ್ಕೆ ಹೋದರೆ ನಾನು ಒಂದೇ ಕೃತಿಯನ್ನು ಆರಿಸಿಕೊಳ್ಳುತ್ತೇನೆ. ಮಿಕ್ಕದ್ದನ್ನು ನಡೆಯುತ್ತಾ ನೋಡುತ್ತೇನೆ, ಫೋಟೊ ತೆಗೆಯುವುದಿಲ್ಲ. ಅನೇಕ ಕಡೆ ಒಳಗೆ ಪೆನ್ಸಿಲ್‌ಗೆ ಮಾತ್ರ ಅವಕಾಶ, ಶಾಯಿ ಮತ್ತು ಬಣ್ಣಕ್ಕೆ ಇಲ್ಲ, ಅದಕ್ಕೆ ಪೆನ್ಸಿಲ್ ಮರೆಯಬಾರದು. ಹೋಗಲು ಆಗದವರಿಗೆ ಗ್ರಂಥಾಲಯದ ಕಲಾ ಪುಸ್ತಕಗಳೇ ವಸ್ತುಸಂಗ್ರಹಾಲಯ. ಡಚ್ ಚಿತ್ರಕಾರ ರೆಂಬ್ರಾಂಟ್ ಕಂದು ಶಾಯಿಯಲ್ಲಿ ಬರೆದ ಒಂದು ಸಣ್ಣ ಚಿತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಮಗುವೊಂದು ನಡೆಯಲು ಕಲಿಯುತ್ತಿದೆ, ಅತ್ತ ಇತ್ತ ಇಬ್ಬರು ಹಿಡಿದುಕೊಂಡಿದ್ದಾರೆ, ಎದುರಿಗೆ ಒಬ್ಬ ಕುಕ್ಕುರುಗಾಲಲ್ಲಿ ಕೂತು ಕೈ ಚಾಚಿದ್ದಾನೆ. ಅದರ ಮುದ್ರಣ ಇಟ್ಟುಕೊಂಡು ನಾನು ನಕಲು ಮಾಡಿದೆ. ನೋಡುವಾಗ ಗೀಚಿದ ಹಾಗೆ ಕಾಣುವ ಗೆರೆಗಳನ್ನು ಬರೆಯುವಾಗ ಒಂದನ್ನೂ ಬಿಡಲು ಆಗಲಿಲ್ಲ. ಬೆನ್ನಿನ ಬಾಗು ಒಂದು ಗೆರೆ, ತೋಳಿನ ಬಿಗಿ ಇನ್ನೊಂದು ಗೆರೆ. ಆ ನಕಲಿನ ಪಕ್ಕದಲ್ಲಿ ನಾನು ಬರೆದದ್ದು ಇಷ್ಟೇ: 'ಹಿಡಿದಿರುವ ಇಬ್ಬರೂ ಒಂದೇ ಥರ ಹಿಡಿದಿಲ್ಲ. ಒಬ್ಬರ ಕೈಗೆ ಅಭ್ಯಾಸ ಇದೆ, ಇನ್ನೊಬ್ಬರ ಕೈಗೆ ಇಲ್ಲ.' ಆಮೇಲೆ ಊರಿಗೆ ಹೋದಾಗ ಅಕ್ಕನ ಮಗುವನ್ನು ಯಾರು ಯಾರು ಹೇಗೆ ಎತ್ತಿಕೊಳ್ಳುತ್ತಾರೆ ಎಂದು ನೋಡಿದೆ. ಒಂದೊಂದು ಪುಟಕ್ಕೆ ಒಂದೊಂದು ಕೈ. ಕಲೆಯ ಪುಸ್ತಕ ಬೇರೆ, ಮನೆಯ ಪುಸ್ತಕ ಬೇರೆ ಇಟ್ಟಿದ್ದರೆ ಈ ಪುಟಗಳು ಹುಟ್ಟುತ್ತಲೇ ಇರಲಿಲ್ಲ.

ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಆದರೆ ಕೆಲವು ವಿಷಯ ಗೊತ್ತಿರಬೇಕು. ಸಾಮಾನ್ಯ ನೋಟ್‌ಬುಕ್ಕಿನ ಕಾಗದಕ್ಕೆ ನೀರುಬಣ್ಣ ತಾಗಿದರೆ ಸುಕ್ಕುಗಟ್ಟುತ್ತದೆ. ತೆಳುವಾಗಿ ಬಣ್ಣ ಹಾಕುವುದಾದರೆ 150ರಿಂದ 200 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಅಳತೆ) ಕಾಗದ ಸಾಕು. ತುಂಬಾ ನೀರು ಬಳಸುವವರಿಗೆ 300 ಜಿಎಸ್‌ಎಂ ಬೇಕು, ಆದರೆ ಆ ಪುಸ್ತಕ ಬ್ಯಾಗಿನಲ್ಲಿ ಭಾರ. ಗೆರೆಯ ಮೇಲೆ ಬಣ್ಣ ಹಾಕುವುದಾದರೆ ನೀರಿಗೆ ಹರಡದ ಪಿಗ್ಮೆಂಟ್ ಶಾಯಿಯ ಪೆನ್ನು ತಗೊಳ್ಳಿ. ಉಜ್ಜಿದರೆ ಅಳಿಸಿಹೋಗುವ ಪೆನ್ನು ಡೈರಿಗೆ ಬೇಡವೇ ಬೇಡ. ಅದರ ಶಾಯಿ ಬಿಸಿಗೆ ಮಾಯವಾಗುವ ಥರದ್ದು, ಬಿಸಿಲಲ್ಲಿ ನಿಂತ ವಾಹನದಲ್ಲಿ ಪುಸ್ತಕ ಬಿಟ್ಟರೂ ಅಕ್ಷರ ಹೋಗಬಹುದು. ಮೆತ್ತನೆಯ ಪೆನ್ಸಿಲ್ ಚಿತ್ರದ ಮೇಲೆ ಒಂದು ಬಟರ್ ಪೇಪರ್ ಇಟ್ಟರೆ ಎದುರು ಪುಟಕ್ಕೆ ಮೆತ್ತಿಕೊಳ್ಳುವುದಿಲ್ಲ.

ಪರೀಕ್ಷೆಯ ದಿನಗಳಲ್ಲಿ ದಿನಕ್ಕೆ ಒಂದು ಸಾಲು. ಅದು ಸಾಕು. ಬಿಟ್ಟುಹೋದ ದಿನಗಳನ್ನು ಆಮೇಲೆ ಕೂತು ತುಂಬಿಸುವುದಿಲ್ಲ, ನೆನಪಿನಿಂದ ಬರೆದ ವಾರ ಯಾವಾಗಲೂ ಒಂದೇ ಬಣ್ಣದ್ದಾಗಿರುತ್ತದೆ.

ಎಲ್ಲವೂ ಒಂದೇ ಕಡೆ ಇದ್ದರೆ ಬೇಕಾದದ್ದನ್ನು ಹುಡುಕುವುದು ಹೇಗೆ ಎಂದು ಕೇಳಬಹುದು. ಪುಸ್ತಕ ತೆಗೆದುಕೊಂಡ ದಿನವೇ ಪುಟಗಳಿಗೆ ನಂಬರ್ ಹಾಕುತ್ತೇನೆ, ಕೊನೆಯ ನಾಲ್ಕು ಹಾಳೆ ಖಾಲಿ ಬಿಡುತ್ತೇನೆ. ವಾರಕ್ಕೊಮ್ಮೆ ಅಲ್ಲಿ ಸೂಚಿ ಬರೆಯುತ್ತೇನೆ: ಅಜ್ಜಿ, ಅಪ್ಪ, ಗ್ರಂಥಾಲಯ, ರೈಲು, ಕೈಗಳು, ನಕಲುಗಳು, ಪಕ್ಕದಲ್ಲಿ ಪುಟದ ನಂಬರ್. ಪುಸ್ತಕ ತುಂಬಿದ ಮೇಲೆ 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯ ಸ್ಪಷ್ಟತೆಯಲ್ಲಿ, ಸ್ಕ್ಯಾನ್ ಮಾಡಿ ಎರಡು ಕಡೆ ಇಡುತ್ತೇನೆ. ಮೂಲ ಪುಸ್ತಕ ಬಿಸಿಲು, ತೇವ ತಾಗದ ಕಪಾಟಿಗೆ ಹೋಗುತ್ತದೆ. ಹೊಸ ಪುಸ್ತಕದ ಮೊದಲ ಪುಟಕ್ಕೆ ಹಳೆಯದರಲ್ಲಿ ಬಾಕಿ ಉಳಿದ ಕೆಲಸ ಬರೆದುಕೊಳ್ಳುತ್ತೇನೆ. ಈಗಿನ ಪಟ್ಟಿಯಲ್ಲಿ ಇರುವುದು: ಅಪ್ಪ ರಿಪೇರಿಗೆ ಬಳಸುವ ಸಾಮಾನಿನ ಪೆಟ್ಟಿಗೆಯ ಚಿತ್ರ, ಅಮ್ಮ ಓದಿದ ಶಾಲೆಯ ಬಗ್ಗೆ ಕೇಳಬೇಕಾದ ಪ್ರಶ್ನೆಗಳು, ಪ್ರಯೋಗಾಲಯದ ಮೆಟ್ಟಿಲು ಬೆಳಿಗ್ಗೆ ಮತ್ತು ಸಂಜೆ.