ತಣ್ಣನೆಯ ಬೆಳ್ಳಿಯ ಮೇಲೆ ಮೀಥೈಲ್ ಬ್ರೋಮೈಡ್: ಅಧಿಶೋಷಣೆಯನ್ನು ಅಳೆಯುವ ಕ್ರಮ

ಹ್ಯಾಲೊಜೆನ್ (ಕ್ಲೋರಿನ್, ಬ್ರೋಮಿನ್, ಅಯೋಡಿನ್‌ನಂಥ ಧಾತು) ಹೊತ್ತ ಅನಿಲದ ಅಣು ತಣ್ಣನೆಯ ಲೋಹದ ಮೇಲ್ಮೈಗೆ ಅಂಟಿಕೊಂಡಾಗ, ಅಂದರೆ ಅಧಿಶೋಷಣೆಯಾದಾಗ, ಮೊದಲು ತಿಳಿಯಬೇಕಾದದ್ದು, ಅದು ಇಡಿಯಾಗಿ ಕುಳಿತಿದೆಯೋ ಅಥವಾ ಕಾರ್ಬನ್–ಹ್ಯಾಲೊಜೆನ್ ಬಂಧ ಮುರಿದುಕೊಂಡಿದೆಯೋ ಎಂಬುದು. ಈ ಬಂಧವು ಕ್ಲೋರಿನ್‌ನಿಂದ ಬ್ರೋಮಿನ್‌ಗೆ, ಅಲ್ಲಿಂದ ಅಯೋಡಿನ್‌ಗೆ ಹೋದಂತೆ ದುರ್ಬಲವಾಗುತ್ತದೆ. ಆದ್ದರಿಂದಲೇ ಬೆಳ್ಳಿಯ ಹರಳಿನಲ್ಲಿ ಪರಮಾಣುಗಳು ಅತಿ ಒತ್ತಾಗಿ ಜೋಡಿಸಿಕೊಂಡಿರುವ (111) ಎಂಬ ಮುಖದ ಮೇಲೆ ಮೀಥೈಲ್ ಬ್ರೋಮೈಡ್ ಇಡಿಯಾಗಿ ಉಳಿದರೆ, ಮೀಥೈಲ್ ಅಯೋಡೈಡ್ ಬಿಸಿಯೇರುವಾಗ ಒಡೆದು ಅದರ ಮೀಥೈಲ್ ಗುಂಪುಗಳು ಜೋಡಿಯಾಗಿ ಈಥೇನ್ ರೂಪದಲ್ಲಿ ಹೊರಬರುತ್ತವೆ.

ನಿರ್ವಾತ ಕೋಣೆಯ ಒತ್ತಡವನ್ನು 10⁻¹⁰ ಟಾರ್ ಮಟ್ಟಕ್ಕೆ ಇಳಿಸಿ, ಆರ್ಗಾನ್ ಅಯಾನುಗಳಿಂದ ಬೆಳ್ಳಿಯ ಹರಳಿನ ಮೇಲ್ಮೈಯನ್ನು ಕೆರೆದು, ಕಾಯಿಸಿ ಸಮಗೊಳಿಸಿ, ನಂತರ ದ್ರವ ಸಾರಜನಕದಿಂದ ಸುಮಾರು 100 ಕೆಲ್ವಿನ್‌ಗೆ ತಣಿಸಿರಿ. ಮೀಥೈಲ್ ಬ್ರೋಮೈಡ್ ವಿಷಾನಿಲವಾದ್ದರಿಂದ ಪಂಪಿನಿಂದ ಹೊರಬರುವ ಗಾಳಿಯನ್ನು ಹೊರಗೆ ಸಾಗಿಸುವ ವ್ಯವಸ್ಥೆ ಮೊದಲೇ ಇರಬೇಕು. ಅನಿಲವನ್ನು ಲ್ಯಾಂಗ್‌ಮ್ಯೂರ್ ಲೆಕ್ಕದಲ್ಲಿ ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತಾ ಬಿಡಿರಿ. ಒಂದು ಲ್ಯಾಂಗ್‌ಮ್ಯೂರ್ ಎಂದರೆ 10⁻⁶ ಟಾರ್ ಒತ್ತಡದಲ್ಲಿ ಒಂದು ಸೆಕೆಂಡು.

ಪ್ರತಿ ಪ್ರಮಾಣದ ನಂತರ ಹರಳನ್ನು ಸೆಕೆಂಡಿಗೆ 2 ಕೆಲ್ವಿನ್‌ನಂತೆ ಒಂದೇ ವೇಗದಲ್ಲಿ ಬಿಸಿ ಮಾಡಿ, ಹೊರಬರುವ ಅಣುಗಳನ್ನು ಅವುಗಳ ರಾಶಿಯಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಮೀಥೈಲ್ ಬ್ರೋಮೈಡಿನ 94 ಮತ್ತು 96ನೆಯ ರಾಶಿಸಂಖ್ಯೆಗಳನ್ನು ಗಮನಿಸಿರಿ. ಬ್ರೋಮಿನ್‌ನ ಎರಡು ಐಸೊಟೋಪುಗಳು ಹೆಚ್ಚುಕಡಿಮೆ ಸಮಪ್ರಮಾಣದಲ್ಲಿರುವುದರಿಂದ ಈ ಎರಡೂ ಸಂಕೇತಗಳು ಸಮ ಎತ್ತರಕ್ಕೆ ಬರಬೇಕು; ಬಾರದಿದ್ದರೆ ಬೇರೆ ಅನಿಲ ಬೆರೆತಿದೆಯೆಂದೇ ತಿಳಿಯಬೇಕು. ಅನಿಲದ ಪ್ರಮಾಣ ಹೆಚ್ಚಿದಂತೆ ಒಂದು ಹಂತದಲ್ಲಿ ಬೆಳೆಯುವುದನ್ನು ನಿಲ್ಲಿಸುವ ಸಂಕೇತದ ಶಿಖರ ಲೋಹಕ್ಕೆ ನೇರವಾಗಿ ತಾಗಿದ ಮೊದಲ ಪದರದ್ದು. ಅದಕ್ಕಿಂತ ಕಡಿಮೆ ತಾಪದಲ್ಲಿ ಮಿತಿಯಿಲ್ಲದೆ ಬೆಳೆಯುವುದು ಮೇಲೆ ಹೆಪ್ಪುಗಟ್ಟಿದ ಪದರಗಳದ್ದು. ಮೊದಲ ಪದರದ ಶಿಖರ 140 ಕೆಲ್ವಿನ್‌ನಲ್ಲಿ ಕಂಡಿತೆಂದು ಭಾವಿಸಿ, ಆವೃತ್ತಿ ಗುಣಕವನ್ನು (ಅಣು ಸೆಕೆಂಡಿಗೆ ಎಷ್ಟು ಬಾರಿ ಬಿಡಿಸಿಕೊಳ್ಳಲು ಯತ್ನಿಸುತ್ತದೆ ಎಂಬ ಅಂದಾಜನ್ನು) ಸೆಕೆಂಡಿಗೆ 10¹³ ಎಂದು ಹಿಡಿದರೆ, ಶಿಖರದ ತಾಪದಿಂದ ಶಕ್ತಿಯನ್ನು ಲೆಕ್ಕಹಾಕುವ ರೆಡ್‌ಹೆಡ್ ಸೂತ್ರದ ಪ್ರಕಾರ ಅಣು ಮೇಲ್ಮೈಯಿಂದ ಬಿಡುಗಡೆಯಾಗಲು ಬೇಕಾದ ಶಕ್ತಿ ಮೋಲಿಗೆ ಸುಮಾರು 35.5 ಕಿಲೋಜೌಲ್ ಆಗುತ್ತದೆ. ಇಷ್ಟು ಕಡಿಮೆ ಶಕ್ತಿ ರಾಸಾಯನಿಕ ಬಂಧದ್ದಲ್ಲ, ಭೌತಿಕ ಸೆಳೆತದ್ದು.

ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು ಸ್ಪೆಕ್ಟ್ರೋಮೀಟರಿನ ಕಾದ ತಂತಿಯ ವಿಷಯದಲ್ಲಿ. ಅದರಿಂದ ಚೆದುರಿ ಬರುವ ಎಲೆಕ್ಟ್ರಾನುಗಳನ್ನು ಹ್ಯಾಲೊಜೆನ್ ಹೊತ್ತ ಅಣುಗಳು ಬಹು ಸುಲಭವಾಗಿ ಹಿಡಿದುಕೊಂಡು ಒಡೆಯುತ್ತವೆ. ಆಗ ಉಪಕರಣವೇ ಮಾಡಿದ ವಿಘಟನೆಯನ್ನು ನಾವು ಲೋಹದ ಗುಣವೆಂದು ಬರೆದಿಡುತ್ತೇವೆ. ಹರಳಿಗೆ ಸುಮಾರು 100 ವೋಲ್ಟ್ ಋಣ ವಿಭವ ಕೊಟ್ಟರೆ ಆ ಎಲೆಕ್ಟ್ರಾನುಗಳು ಹಿಂದಿರುಗುತ್ತವೆ. ಕೊನೆಗೆ, ಹೊರಬರುವ ಎಲೆಕ್ಟ್ರಾನುಗಳ ಶಕ್ತಿಯಿಂದ ಮೇಲ್ಮೈಯ ಧಾತುಗಳನ್ನು ಗುರುತಿಸುವ ಓಜೆ ಸ್ಪೆಕ್ಟ್ರೋಸ್ಕೋಪಿಯಿಂದ ಮೇಲ್ಮೈಯಲ್ಲಿ ಬ್ರೋಮಿನ್ ಉಳಿದಿದೆಯೇ ಎಂದು ಪರೀಕ್ಷಿಸಿರಿ. ಉಳಿದಿದ್ದರೆ ಒಂದಷ್ಟು ಅಣುಗಳು ಒಡೆದಿವೆ, ಮುಂದಿನ ಅಳತೆಗೆ ಮುನ್ನ ಹರಳನ್ನು ಮತ್ತೆ ಶುಚಿಗೊಳಿಸಬೇಕು.