ಮೈಲ್ಸ್ ಟಿಕೆಟ್‌ನ ಸಮಯ ಬದಲಾದಾಗ: ನನ್ನ ಅನುಭವ

ನಮ್ಮ ಮನೆಯಲ್ಲಿ ವಿಮಾನದ ಟಿಕೆಟ್ ಮಾಡಿಸುವ ಕೆಲಸ ನನ್ನದು. ಅಕ್ಕ ಆಮ್‌ಸ್ಟರ್‌ಡ್ಯಾಮ್‌ನಲ್ಲಿದ್ದಾಳೆ, ಅಪ್ಪ ಅಮ್ಮ ಮಂಗಳೂರಿನಲ್ಲಿ. ಕ್ರೆಡಿಟ್ ಕಾರ್ಡಿನಲ್ಲಿ ಸೇರಿದ ಪಾಯಿಂಟ್‌ಗಳನ್ನೆಲ್ಲ ಮೈಲ್ಸ್ (ಹಣದ ಬದಲು ಕೊಟ್ಟು ಟಿಕೆಟ್ ತೆಗೆಯಬಹುದಾದ, ವಿಮಾನ ಕಂಪನಿಯ ಪಾಯಿಂಟ್) ಮಾಡಿಕೊಂಡು ಅವರಿಬ್ಬರಿಗೂ ಬಿಸಿನೆಸ್ ಕ್ಲಾಸಿನಲ್ಲಿ ಸೀಟು ಹಿಡಿಯುತ್ತೇನೆ. ಮಂಡಿನೋವಿರುವ ಅಮ್ಮ ಅಷ್ಟು ದೂರ ಕಾಲು ಚಾಚಿ ಮಲಗಿಕೊಂಡು ಹೋಗಬಹುದು ಅನ್ನುವುದೇ ನನಗೆ ದೊಡ್ಡ ಸಮಾಧಾನ. ಆದರೆ ಸೀಟು ಸಿಕ್ಕಿತು ಅಂದಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹೊರಡುವ ದಿನ ಬರುವಷ್ಟರಲ್ಲಿ ಸಮಯ ಬದಲಾಗಿಯೇ ಆಗುತ್ತದೆ ಎಂದುಕೊಂಡೇ ನಾನು ಬುಕ್ ಮಾಡುವುದು.

ರಿವಾರ್ಡ್ ಸೀಟು, ಅಂದರೆ ಮೈಲ್ಸ್‌ಗೆ ಸಿಗುವ ಸೀಟು, ಬೇಕಾದರೆ ಹತ್ತು-ಹನ್ನೊಂದು ತಿಂಗಳು ಮೊದಲೇ ಹಿಡಿಯಬೇಕಾಗುತ್ತದೆ. ಆಗ ಕಾಣುವ ವೇಳಾಪಟ್ಟಿ ಇನ್ನೂ ಕಚ್ಚಾ. ವಿಮಾನ ಕಂಪನಿಗಳಿಗೆ ವರ್ಷಕ್ಕೆ ಎರಡು ವೇಳಾಪಟ್ಟಿ. ಮಾರ್ಚ್ ಕೊನೆಯ ಭಾನುವಾರ ಬೇಸಿಗೆಯದು ಶುರುವಾದರೆ, ಅಕ್ಟೋಬರ್ ಕೊನೆಯ ಭಾನುವಾರ ಚಳಿಗಾಲದ್ದು. ಅದೇ ಭಾನುವಾರ ಯುರೋಪಿನಲ್ಲಿ ಗಡಿಯಾರವನ್ನೂ ಒಂದು ಗಂಟೆ ಆಚೀಚೆ ಮಾಡುತ್ತಾರೆ, ನಮ್ಮದು ಇದ್ದ ಹಾಗೇ ಇರುತ್ತದೆ. ಹಾಗಾಗಿ ಆ ಎರಡು ದಿನಗಳ ಹಿಂದೆಮುಂದೆ ಇರುವ ಪ್ರಯಾಣ ಅಂದರೆ ನಾನು ಜಾಸ್ತಿ ಎಚ್ಚರವಾಗಿರುತ್ತೇನೆ. ಇದರ ಜೊತೆಗೆ ಯಾರೂ ಎಣಿಸದ ಕಾರಣಗಳೂ ಬರುತ್ತವೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ, ಪಶ್ಚಿಮಕ್ಕೆ ಹೋಗುವ ಎಷ್ಟೋ ವಿಮಾನಗಳು ಸುತ್ತಿ ಹೋಗಬೇಕಾಯಿತು. ಸಮಯ, ಕನೆಕ್ಷನ್ ಎಲ್ಲ ಬದಲಾದವು.

ಮೈಲ್ಸ್ ಟಿಕೆಟ್‌ನಲ್ಲಿ ಇನ್ನೊಂದು ತೊಡಕಿದೆ. ಮೈಲ್ಸ್ ಒಂದು ಕಂಪನಿಯದು, ಹಾರುವ ವಿಮಾನ ಅದರ ಪಾಲುದಾರ ಕಂಪನಿಯದು. ಸಮಯ ಬದಲಿಸುವುದು ಹಾರುವ ಕಂಪನಿ, ಆದರೆ ನಮ್ಮ ಇಮೇಲ್ ವಿಳಾಸ ಇರುವುದು ಮೈಲ್ಸ್ ಕಂಪನಿಯ ಹತ್ತಿರ. ನಡುವೆ ಸುದ್ದಿ ಎಲ್ಲೋ ಕಳೆದುಹೋಗುತ್ತದೆ. ಅದಕ್ಕೇ ನಾನು ಮೇಲ್ ಬರಲಿ ಎಂದು ಕಾಯುವುದಿಲ್ಲ. ಬುಕ್ ಮಾಡಿದ ದಿನವೇ ಫೋನ್ ಮಾಡಿ ಹಾರುವ ಕಂಪನಿಯ ಪಿಎನ್‌ಆರ್ ಕೇಳಿ ಬರೆದಿಟ್ಟುಕೊಳ್ಳುತ್ತೇನೆ. ಅದು ನಮ್ಮ ಕೈಯಲ್ಲಿರುವ ಪಿಎನ್‌ಆರ್‌ಗಿಂತ ಬೇರೆ ಇರುವುದೇ ಹೆಚ್ಚು. ಆಮೇಲೆ ಪ್ರತಿ ಭಾನುವಾರ ಕಾಫಿ ಕುಡಿಯುತ್ತಾ ಎರಡೂ ಸೈಟ್‌ಗಳನ್ನು ಒಮ್ಮೆ ತೆರೆದು ನೋಡುತ್ತೇನೆ. ಹೊಂದಿಕೆ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಯಾರಿಗೆ ಫೋನ್ ಮಾಡಬೇಕು ಅನ್ನುವುದಕ್ಕೆ ಟಿಕೆಟ್ ಸಂಖ್ಯೆ ನೋಡಿದರೆ ಸಾಕು. ಅದು 13 ಅಂಕಿಯದು. ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಕಂಪನಿಯ ಗುರುತು. ಏರ್ ಇಂಡಿಯಾ ಆದರೆ 098, ಸಿಂಗಾಪುರ್ ಏರ್‌ಲೈನ್ಸ್ ಆದರೆ 618. ಪ್ರಯಾಣಕ್ಕೆ ಇನ್ನೂ ದಿನಗಳಿವೆ ಅಂದರೆ ಟಿಕೆಟ್ ಕೊಟ್ಟವರೇ ಬದಲಿಸಿಕೊಡಬೇಕು. ಹಾರುವ ಕಂಪನಿಗೆ ಫೋನ್ ಮಾಡಿದರೆ ಸುಮ್ನೆ ಸಮಯ ಹಾಳು.

ಕಳೆದ ಸಲ ಅಪ್ಪ ಅಮ್ಮ ವಾಪಸ್ ಬರುವ ಟಿಕೆಟ್ ಆಮ್‌ಸ್ಟರ್‌ಡ್ಯಾಮ್‌ನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಬೆಂಗಳೂರು. ಫ್ರಾಂಕ್‌ಫರ್ಟ್‌ನಲ್ಲಿ ಎರಡು ಗಂಟೆ ಬಿಡುವಿತ್ತು. ಒಂದು ಭಾನುವಾರ ನೋಡಿದರೆ ಬೆಂಗಳೂರಿನ ವಿಮಾನ ಒಂದೂಕಾಲು ಗಂಟೆ ಮೊದಲೇ ಹೊರಡುವ ಹಾಗೆ ಬದಲಾಗಿದೆ. ಉಳಿದದ್ದು ಬರೀ 45 ನಿಮಿಷ. ಫ್ರಾಂಕ್‌ಫರ್ಟ್‌ನಲ್ಲಿ ಕನೆಕ್ಷನ್‌ಗೆ 45 ನಿಮಿಷ ಇದ್ದರೆ ಸಾಕು ಎಂದು ಲೆಕ್ಕ ಇರುವುದರಿಂದ ಕಂಪ್ಯೂಟರ್‌ಗೆ ಇದರಲ್ಲಿ ತೊಂದರೆಯೇ ಕಾಣಿಸಲಿಲ್ಲ. ಆದರೆ ವೀಲ್‌ಚೇರ್ ಬೇಕಾದ ಅಮ್ಮ ವಿಮಾನದಿಂದ ಎಲ್ಲರೂ ಇಳಿದ ಮೇಲೆ ಇಳಿಯಬೇಕು. ಗಾಡಿ ಬರುವವರೆಗೆ ಕಾಯಬೇಕು. ಪಾಸ್‌ಪೋರ್ಟ್ ಸಾಲು ದಾಟಬೇಕು. 45 ನಿಮಿಷದಲ್ಲಿ ಇದೆಲ್ಲ ಆಗುವ ಮಾತಲ್ಲ.

ಸೈಟಿನಲ್ಲಿ 'ಬದಲಾವಣೆ ಒಪ್ಪಿದ್ದೇನೆ' ಎನ್ನುವ ಬಟನ್ ಎದ್ದು ಕಾಣುವ ಹಾಗೆ ಇಟ್ಟಿದ್ದರು. ಅದನ್ನು ಒತ್ತಲಿಲ್ಲ. ಒಮ್ಮೆ ಒಪ್ಪಿದರೆ ಆಮೇಲೆ ಕೇಳುವ ಬದಲಾವಣೆ ನಮ್ಮ ಇಷ್ಟದ್ದು ಅಂತಾಗಿ ಶುಲ್ಕದ ಮಾತು ಬರುತ್ತದೆ. ಹಾಗೆಂದು ಟಿಕೆಟ್ ರದ್ದು ಮಾಡಿ ಹೊಸದು ತೆಗೆಯಲೂ ಹೋಗುವುದಿಲ್ಲ. ಬಿಟ್ಟ ಸೀಟು ಮತ್ತೆ ರಿವಾರ್ಡ್‌ಗೆ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಮೈಲ್ಸ್ ವಾಪಸ್ ಬಂದರೂ ಕಾರ್ಡಿನ ಪಾಯಿಂಟ್ ಆಗಿ ಹಿಂದಿರುಗುವುದಿಲ್ಲ. ಅಷ್ಟರಲ್ಲಿ ಅದೇ ಸೀಟಿನ ಬೆಲೆ ಏರಿರಲೂಬಹುದು. ಕೈಯಲ್ಲಿರುವ ಟಿಕೆಟ್‌ಗೆ ಮೈಲ್ಸ್‌ಗಿಂತ ಬೆಲೆ ಜಾಸ್ತಿ.

ಫೋನ್ ಮಾಡುವ ಮೊದಲೇ ಬದಲಿ ದಾರಿ ಹುಡುಕಿಟ್ಟುಕೊಳ್ಳುವುದು ನನ್ನ ಪದ್ಧತಿ. 'ಏನಾದರೂ ಮಾಡಿಕೊಡಿ' ಅಂದರೆ ಅವರು ಮರುದಿನದ ವಿಮಾನಕ್ಕೆ ಹಾಕುತ್ತಾರೆ. ಆಮ್‌ಸ್ಟರ್‌ಡ್ಯಾಮ್‌ನಿಂದ ಫ್ರಾಂಕ್‌ಫರ್ಟ್‌ಗೆ ಬೆಳಗ್ಗೆಯೇ ಇನ್ನೊಂದು ವಿಮಾನ ಇತ್ತು. ಹಣ ಕೊಟ್ಟರೆ ಸೀಟೂ ಇತ್ತು. ಅದರ ಸಂಖ್ಯೆ, ದಿನಾಂಕ, ಹೊರಡುವ ಸಮಯ ಚೀಟಿಯಲ್ಲಿ ಬರೆದುಕೊಂಡೇ ಫೋನ್ ಹಚ್ಚಿದೆ.

"ಸರ್, ಆ ವಿಮಾನದಲ್ಲಿ ರಿವಾರ್ಡ್ ಸೀಟು ಇಲ್ಲ," ಎಂದಳು ಕಾಲ್ ಸೆಂಟರಿನ ಹುಡುಗಿ. ಈ ಉತ್ತರ ಬರುತ್ತದೆ ಎಂದು ಗೊತ್ತೇ ಇತ್ತು. "ಇದು ನಾನು ಕೇಳಿದ ಬದಲಾವಣೆ ಅಲ್ಲ, ಕಂಪನಿಯೇ ಮಾಡಿದ್ದು. ನಿಮ್ಮ ಪಾಲುದಾರ ಕಂಪನಿಯ ಡೆಸ್ಕ್‌ಗೆ ಹೇಳಿ ಸೀಟು ಬಿಡಿಸಿಕೊಡ್ತೀರಾ?" ಎಂದೆ. ವೀಲ್‌ಚೇರ್ ವಿಷಯವನ್ನೂ, 45 ನಿಮಿಷದ ವಿಷಯವನ್ನೂ ಬುಕಿಂಗ್‌ನಲ್ಲಿ ಬರೆಯಲು ಹೇಳಿದೆ. ಹಾಗೆ ಬರೆಸುವುದು ಮುಖ್ಯ. ಮುಂದಿನ ಸಲ ಫೋನ್ ಎತ್ತಿದವರಿಗೆ ಮೊದಲಿಂದ ಕಥೆ ಹೇಳಬೇಕಾಗುವುದಿಲ್ಲ. ಆ ಹುಡುಗಿ ತುಂಬಾ ತಾಳ್ಮೆಯಿಂದ ಕೇಳಿಸಿಕೊಂಡಳು. ಎರಡು ದಿನ ಬಿಟ್ಟು ಮಾಡಿ ಎಂದಳು. ಎರಡನೇ ಫೋನ್‌ಗೆ ಸೀಟು ಸಿಕ್ಕಿತು.

ಕೇಳುವ ಹಕ್ಕು ನಮಗಿದೆ ಎಂದು ಗೊತ್ತಿದ್ದರೆ ಮಾತಿಗೂ ಬಲ ಬರುತ್ತದೆ. ಯುರೋಪಿನ 261ನೇ ನಿಯಮ 2004ರದ್ದು. ಮೈಲ್ಸ್ ಕೊಟ್ಟು ತೆಗೆದ ಟಿಕೆಟ್‌ಗೂ ಅದು ಅನ್ವಯಿಸುತ್ತದೆ ಎಂದು ಅದರಲ್ಲೇ ಇದೆ. ವಿಮಾನ ಒಂದು ಗಂಟೆಗಿಂತ ಹೆಚ್ಚು ಮೊದಲೇ ಹೊರಡುವ ಹಾಗೆ ಮಾಡಿದರೆ ಅದು ರದ್ದಾದ ಹಾಗೇ ಎಂದು ಯುರೋಪಿನ ಒಕ್ಕೂಟದ ನ್ಯಾಯಾಲಯ 2021ರ ಡಿಸೆಂಬರ್‌ನಲ್ಲಿ ಹೇಳಿದೆ. ಅಂದರೆ ಬದಲಿ ದಾರಿ ಬೇಕೋ, ಟಿಕೆಟ್‌ಗೆ ಕೊಟ್ಟದ್ದು ವಾಪಸ್ ಬೇಕೋ, ಆರಿಸಿಕೊಳ್ಳುವವರು ನಾವು. 14 ದಿನ ಮೊದಲೇ ತಿಳಿಸಿದ್ದರೆ ಪರಿಹಾರದ ಹಣ ಮಾತ್ರ ಸಿಗುವುದಿಲ್ಲ. ಈ ರಕ್ಷಣೆ ಯುರೋಪಿನಿಂದ ಹೊರಡುವ ಪ್ರಯಾಣಕ್ಕೆ ಪೂರ್ತಿ ಸಿಗುತ್ತದೆ. ಬೆಂಗಳೂರಿನಿಂದ ಹೊರಟು ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ ಅಮೆರಿಕಕ್ಕೆ ಹೋಗುವ ಒಂದೇ ಟಿಕೆಟ್‌ಗೆ ಇದು ಸಿಗುವುದಿಲ್ಲ. ಅಮೆರಿಕದ ನಿಯಮ ಬೇರೆ. 2024ರ ಅಕ್ಟೋಬರ್‌ನಿಂದ ಅಲ್ಲಿಗೆ ಹೋಗುವ, ಅಲ್ಲಿಂದ ಬರುವ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸವಾಗಿ, ನಾವು ಬೇಡ ಎಂದರೆ ಟಿಕೆಟ್‌ಗೆ ಕೊಟ್ಟದ್ದನ್ನು ವಾಪಸ್ ಕೊಡಲೇಬೇಕು.

ಹೊಸ ಸಮಯ ಸೈಟಿನಲ್ಲಿ ಕಂಡಿತು ಎಂದು ನಿಶ್ಚಿಂತೆಯಿಂದ ಕೂರುವ ಹಾಗಿಲ್ಲ. ಸೀಟು ಕಾಯ್ದಿರಿಸಿದ್ದು ಬೇರೆ, ಟಿಕೆಟ್ ಬೇರೆ. ಬುಕಿಂಗ್‌ನಲ್ಲಿ ಹೊಸ ವಿಮಾನ ಇದ್ದು ಟಿಕೆಟ್ ಮಾತ್ರ ಹಳೇ ವಿಮಾನಕ್ಕೇ ಇದ್ದರೆ ಚೆಕ್-ಇನ್ ಕೌಂಟರಿನಲ್ಲಿ ನಿಲ್ಲಿಸಿಬಿಡುತ್ತಾರೆ. ಟಿಕೆಟನ್ನು ಹೊಸದಾಗಿ ಕೊಡಬೇಕು, ಅದಕ್ಕೆ ರೀಇಶ್ಯೂ ಎನ್ನುತ್ತಾರೆ. ಅದಾಯಿತೇ ಎಂದು ಕೇಳಿ, ಹೊಸ 13 ಅಂಕಿ ಓದಿಸಿ ಬರೆದುಕೊಂಡ ಮೇಲೇ ನಾನು ಫೋನ್ ಇಡುವುದು. 'ಇನ್ನೂ ಕ್ಯೂನಲ್ಲಿದೆ' ಅಂದರೆ ಮರುದಿನ ಮತ್ತೆ ಮಾಡುತ್ತೇನೆ. ಈ ಸಲವೂ ಸೀಟು ಸಿಕ್ಕ ದಿನ ಟಿಕೆಟ್ ಬರಲಿಲ್ಲ. ಮರುದಿನ ಸಂಜೆ ಬಂತು.

ರೀಇಶ್ಯೂ ಆದ ಕೂಡಲೇ ಇನ್ನೊಂದು ಕೆಲಸ. ಮೊದಲು ಹೇಳಿಟ್ಟ ಊಟ, ವೀಲ್‌ಚೇರ್, ಆರಿಸಿದ ಸೀಟಿನ ಸಂಖ್ಯೆ ಎಷ್ಟೋ ಸಲ ಬಿದ್ದುಹೋಗಿರುತ್ತವೆ. ಈ ಸಲ ವೀಲ್‌ಚೇರ್ ಉಳಿದಿತ್ತು, ಊಟ ಹೋಗಿತ್ತು. ಅಪ್ಪ ಮೊಟ್ಟೆಯನ್ನೂ ಮುಟ್ಟುವವರಲ್ಲ. ಏಷ್ಯನ್ ವೆಜಿಟೇರಿಯನ್ ಊಟವನ್ನು ಹಾರುವ ಕಂಪನಿಯ ಸೈಟಿನಲ್ಲಿ ಮತ್ತೆ ಹಾಕಿದೆ.

ಬೆಂಗಳೂರಿನಿಂದ ಮಂಗಳೂರಿನ ಟಿಕೆಟ್ ಬೇರೆಯಾಗಿ ತೆಗೆದದ್ದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಫ್ರಾಂಕ್‌ಫರ್ಟ್ ವಿಮಾನ ಎಷ್ಟೇ ತಡವಾದರೂ ದೇಶದೊಳಗಿನ ಕಂಪನಿ ಕಾಯುವುದಿಲ್ಲ, ಹಣವನ್ನೂ ಕೊಡುವುದಿಲ್ಲ. ಅದಕ್ಕೇ ಅವರು ಬಂದಿಳಿದ ರಾತ್ರಿ ನಮ್ಮ ಮನೆಯಲ್ಲಿ ಉಳಿದು, ಮರುದಿನ ಮಧ್ಯಾಹ್ನದ ವಿಮಾನಕ್ಕೆ ಹೋಗುವ ಹಾಗೆ ಮಾಡಿದ್ದೆ.

ಹೊರಡುವ ದಿನ ಏನಾದರೂ ಏರುಪೇರಾದರೆ ಮೈಲ್ಸ್ ಕಂಪನಿಗೆ ಫೋನ್ ಮಾಡಿ ಕೂರಬಾರದು. ಆಗ ಹಾರುವ ಕಂಪನಿಯ ಕೌಂಟರೇ ಗತಿ. ಎರಡೂ ಪಿಎನ್‌ಆರ್, ಎರಡು ಟಿಕೆಟ್ ಸಂಖ್ಯೆ, ವೀಲ್‌ಚೇರ್ ಬೇಕು ಎನ್ನುವ ಒಂದು ಸಾಲು, ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಲು ಅಪ್ಪನಿಗೆ ಹೇಳಿದ್ದೆ. ಮೊಬೈಲ್ ಚಾರ್ಜ್ ಮುಗಿದರೂ ಆ ಹಾಳೆ ತೋರಿಸಿದರೆ ಕೌಂಟರಿನವರಿಗೆ ಬೇಕಾದದ್ದೆಲ್ಲ ಸಿಗುತ್ತದೆ.