ಕಟ್ಟೆಯ ಒಳಗಿನ ಕಾಂಡ್ಲಾ ಗಿಡಗಳು

ನಮ್ಮ ಊರು ಅಘನಾಶಿನಿ ಅಳಿವೆಯ ದಂಡೆಯಲ್ಲಿದೆ. ಮಳೆಗಾಲದಲ್ಲಿ ಗಜನಿಯಲ್ಲಿ, ಅಂದರೆ ಹೊಳೆಯಂಚಿನ ತಗ್ಗು ಗದ್ದೆಯಲ್ಲಿ, ಕಗ್ಗ ಭತ್ತ. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಏಡಿ. ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಬಳಚು ಎಂಬ ಚಿಪ್ಪುಮೀನು ಆರಿಸಲು ಹೊಳೆಗೆ ಇಳಿಯುತ್ತಾರೆ. ಅಂಥ ಒಂದು ಗಜನಿಯಲ್ಲಿ ಒಂದು ಬೆಳಿಗ್ಗೆ ನೋಡಿದರೆ ಸಾಲಾಗಿ ಸಿಮೆಂಟ್ ಕಂಬ. ವಿಲ್ಲಾ ಲೇಔಟ್ ಬರುತ್ತದಂತೆ, ಮಣ್ಣು ತುಂಬಿ ಎತ್ತರ ಮಾಡುತ್ತಾರಂತೆ ಅಂತ ಸುದ್ದಿ. ಎದೆ ಧಸಕ್ಕೆಂದಿತು. ಆ ಗಜನಿ ತುಂಬಿದರೆ ಭರತದ ನೀರು ಎಲ್ಲಿಗೆ ಹೋಗಬೇಕು? ಪಕ್ಕದ ಕೇರಿಗೇ ಅಲ್ವಾ?

ಮೊದಲ ತಿಂಗಳು ನಾವು ಸುಮ್ನೆ ಕಳೆದೆವು. ಊರವರ ಸಹಿ ಹಾಕಿಸಿ ನಾಲ್ಕು ಪುಟದ ಮನವಿ ಕೊಟ್ಟೆವು. ಪರಿಸರ, ಮೀನು, ಮುಂದಿನ ಪೀಳಿಗೆ ಎಲ್ಲ ಬರೆದಿದ್ದೆವು. ಸರ್ವೆ ನಂಬರ್ ಮಾತ್ರ ಬರೆದಿರಲಿಲ್ಲ! ಕಚೇರಿಯಲ್ಲಿ ಒಬ್ಬರು ಸಮಾಧಾನವಾಗಿಯೇ ಕೇಳಿದರು: "ಯಾವ ಜಾಗ, ಯಾವ ನಿಯಮ, ಹೇಳಿ." ನಮ್ಮಲ್ಲಿ ಉತ್ತರವಿರಲಿಲ್ಲ.

ಆಮೇಲೆ ಕಾಗದದ ಕೆಲಸ ಶುರು ಮಾಡಿದೆ. ಮೊಬೈಲಿನ ದಿಶಾಂಕ್ ಆಪ್ ತೆರೆದು ಕಂಬದ ಪಕ್ಕದಲ್ಲೇ ನಿಂತರೆ ಸರ್ವೆ ನಂಬರ್ ಸಿಗುತ್ತದೆ. ಅದನ್ನು ಹಿಡಿದು ಪಹಣಿ ತೆಗೆಸಿದೆ. ಕೃಷಿ ಜಮೀನಿನಲ್ಲಿ ಲೇಔಟ್ ಮಾಡಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಪರಿವರ್ತನೆ ಆಗಬೇಕು. ಆ ಕಡತಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಒಳಗೆ. ನಾನು ಐದು ವಿಷಯ ಒಟ್ಟಿಗೆ ತುರುಕಿದ್ದೆ, ವಾಪಸ್ ಬಂತು. ಬೇರೆ ಬೇರೆ ಮಾಡಿ, ಒಂದೊಂದಕ್ಕೂ 10 ರೂಪಾಯಿ ಶುಲ್ಕ ಕಟ್ಟಿ ಮತ್ತೆ ಹಾಕಿದೆ. ಕರಾವಳಿ ವಲಯದ ನಕ್ಷೆಯನ್ನೂ ಕೇಳಿದೆ. ಇಲ್ಲಿ ಒಂದು ಮಾತು: 1:25000 ಅಳತೆಯ ನಕ್ಷೆ ಕೊಟ್ಟರೆ ಸಾಲದು. ಅದರಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 25 ಮೀಟರ್. ಪೆನ್ನಿನ ಗೆರೆಯ ಅಡಿಯಲ್ಲೇ ಒಂದು ಮನೆ ಮುಚ್ಚಿಹೋಗುತ್ತದೆ. ಸರ್ವೆ ನಂಬರ್ ಕಾಣುವ 1:4000 ಅಳತೆಯದ್ದನ್ನೇ ಕೇಳಬೇಕು.

ಕಡತ ಬಂದ ದಿನ ನಿಜಕ್ಕೂ ಕುಸಿದುಹೋದೆವು. ಪರಿವರ್ತನೆ ಕೇಳಿದವರ ವಾದ ಗಟ್ಟಿಯಾಗಿತ್ತು. ಈಗಿನ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ 2019ರ ಜನವರಿ 18ರದ್ದು. ಮೊದಲ ಅಧಿಸೂಚನೆ ಬಂದಿದ್ದು 1991ರ ಫೆಬ್ರವರಿ 19ರಂದು. ಆ ದಿನಕ್ಕಿಂತ ಮೊದಲೇ ಉಪ್ಪುನೀರಿಗೆ ಅಡ್ಡವಾಗಿ ಕಟ್ಟಿದ ಕಟ್ಟೆ ಇದ್ದರೆ ಭರತದ ಗೆರೆ (ಉಬ್ಬರದ ನೀರು ತಲುಪುವ ಗಡಿ) ಆ ಕಟ್ಟೆಗೇ ನಿಲ್ಲುತ್ತದೆ ಎಂದು ಹೊಸ ನಿಯಮ ಹೇಳುತ್ತದೆ. ನಮ್ಮ ಕಟ್ಟೆ ಅಜ್ಜಂದಿರ ಕಾಲದ್ದು. ಅಂದರೆ ಒಳಗಿನ ಗಜನಿ ಭರತದ ಗೆರೆಯಿಂದ ಆಚೆ, ಅದಕ್ಕೆ ನಿರ್ಬಂಧ ತಾಗದು ಅಂತ ಅವರ ವಾದ.

ಎರಡು ದಿನ ಯಾರೂ ಮಾತಾಡಲಿಲ್ಲ. ಮೂರನೇ ದಿನ ಆ ವಾಕ್ಯವನ್ನು ಕೊನೆಯವರೆಗೆ ಓದಿದೆ. ಅದು ಕಟ್ಟೆಯ ಹತ್ತಿರ ಮುಗಿದಿರಲಿಲ್ಲ. ಉಪ್ಪುನೀರು ನುಗ್ಗಿ ಕಟ್ಟೆಯ ಒಳಗೆ ಕಾಂಡ್ಲಾ (ಮ್ಯಾಂಗ್ರೋವ್) ಬೆಳೆದಿದ್ದರೆ, ಆ ಜಾಗ ಎಷ್ಟೇ ಚಿಕ್ಕದಿರಲಿ, ಅದು ಸಿಆರ್‌ಝಡ್ 1ಎ ಎಂಬ ಸಂರಕ್ಷಿತ ವರ್ಗಕ್ಕೆ ಸೇರುತ್ತದೆ. ಬೇರೆ ಯಾವ ಕೆಲಸಕ್ಕೂ ಬಳಸುವಂತಿಲ್ಲ.

ನಮ್ಮ ಜಂತ್ರಡಿಯ, ಅಂದರೆ ಕಟ್ಟೆಯಲ್ಲಿ ನೀರು ಬಿಡುವ ತೂಬಿನ, ಹಲಗೆ ಮುರಿದು ವರ್ಷಗಳಾಗಿದ್ದವು. ರಿಪೇರಿ ಮಾಡಲಿಲ್ಲವಲ್ಲ ಅಂತ ಬೇಸರಪಟ್ಟಿದ್ದ ಜಾಗವದು. ಅಲ್ಲಿಂದ ನುಗ್ಗಿದ ನೀರಿನಲ್ಲಿ ಕಾಂಡ್ಲಾ ಬೀಜ ತೇಲಿ ಬಂದು ಬೇರು ಬಿಟ್ಟಿತ್ತು. ಇಳಿತ ನೋಡಿಕೊಂಡು, ಮೊಣಕಾಲುದ್ದ ಕೆಸರಿನಲ್ಲಿ ನಡೆದೆವು. ಜೊತೆಗೆ ಬಂದ ಬಳಚಿನ ಅಜ್ಜಿ ಒಂದು ಎಲೆ ಕಿತ್ತು ನನ್ನ ಕೈಗಿಟ್ಟು "ನೆಕ್ಕಿ ನೋಡು" ಅಂದಳು. ನಾಲಿಗೆಗೆ ಉಪ್ಪು ಹತ್ತಿತು. ಎಲೆಯ ಮೇಲೆ ಸಣ್ಣ ಹರಳುಗಳು ಮಿನುಗುತ್ತಿದ್ದವು. ಗಿಡದ ಸುತ್ತ ಪೆನ್ಸಿಲ್ ನೆಟ್ಟಂತೆ ಉಸಿರಾಟದ ಬೇರುಗಳು. ಗಿಡ ಗಿಡಕ್ಕೂ ಫೋಟೊ ತೆಗೆದೆ, ಅಕ್ಷಾಂಶ ರೇಖಾಂಶ ಮೂಡುವ ಹಾಗೆ. ರಾತ್ರಿ ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳನ್ನು ಹಿಂದಕ್ಕೆ ಸರಿಸುತ್ತ ಕುಳಿತೆ. ಬೇಸಿಗೆಯ ಚಿತ್ರಗಳನ್ನೇ ನೋಡಬೇಕು. ಗದ್ದೆಯೆಲ್ಲ ಒಣಗಿ ಬೂದಿ ಬಣ್ಣ ಇರುವಾಗ ಕಾಂಡ್ಲಾ ಮಾತ್ರ ಕಡು ಹಸಿರಾಗಿ ಕಾಣುತ್ತದೆ. ವರ್ಷ ವರ್ಷಕ್ಕೂ ಆ ಚುಕ್ಕೆ ದೊಡ್ಡದಾಗುತ್ತ ಬಂದಿತ್ತು.

ಇದಕ್ಕಿಂತ ಕಷ್ಟವಾಗಿದ್ದು ಊರೊಳಗಿನ ಮಾತು. ಜಮೀನು ಕೊಟ್ಟವರು ನಮ್ಮವರೇ. ಮಗಳ ಮದುವೆ, ಆಸ್ಪತ್ರೆ ಸಾಲ, ಒಬ್ಬೊಬ್ಬರಿಗೆ ಒಂದೊಂದು ಕಾರಣ. ಅವರನ್ನು ಬೈಯುವ ಸಭೆಗೆ ನಾನು ಹೋಗಲಿಲ್ಲ, ಹೋಗಬಾರದು ಕೂಡ. ಮೀನುಗಾರರ ಕೇರಿಯಲ್ಲಿ ಬೇರೆಯೇ ಭಯ. "ಸಿಆರ್‌ಝಡ್ ಅಂದರೆ ನಮ್ಮ ಮನೆಯನ್ನೂ ಕೆಡವುತ್ತಾರೆ" ಅಂತ ಯಾರೋ ಹಬ್ಬಿಸಿದ್ದರು. ಹೀಗಾಗಿ ಅರ್ಧ ಕೇರಿ ಸಹಿ ಹಾಕಲಿಲ್ಲ. ಸ್ಥಳೀಯ ಮೀನುಗಾರರ ವಾಸದ ಮನೆಗಳಿಗೆ ನಿಯಮದಲ್ಲೇ ಬೇರೆ ಅವಕಾಶವಿದೆ. ಆ ಭಾಗವನ್ನು ಮನೆ ಮನೆಗೆ ಹೋಗಿ ಓದಿ ಹೇಳಿದೆವು. ಸೈಟಿಗೆ ಮುಂಗಡ ಕೊಡಲು ಬಂದವರಿಗೆ ಕೊಚ್ಚಿಯ ಮರಡಿನ ಕಥೆ ಹೇಳಿದೆವು. ಸಿಆರ್‌ಝಡ್ ಮುರಿದು ಕಟ್ಟಿದ ನಾಲ್ಕು ಅಪಾರ್ಟ್‌ಮೆಂಟ್ ಸಮುಚ್ಚಯಗಳನ್ನು ಸುಪ್ರೀಂ ಕೋರ್ಟ್ ಆದೇಶದಂತೆ 2020ರ ಜನವರಿಯಲ್ಲಿ ಸಿಡಿಸಿ ಉರುಳಿಸಿದರು. ಮನೆ ಕೊಂಡವರು ಅಳುತ್ತ ಸಾಮಾನು ಸಾಗಿಸಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದರು. ನಮ್ಮ ಮನವಿಗಿಂತ ಈ ಮಾತೇ ಜಾಸ್ತಿ ಕೆಲಸ ಮಾಡಿತು.

ಕಂಬ ಕಂಡ ದಿನಾಂಕವನ್ನು ಮೊದಲ ದಿನವೇ ಬರೆದಿಟ್ಟಿದ್ದೆ. ಅದೇ ನಮ್ಮನ್ನು ಕಾಯಿತು. ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಹೋಗುವುದಾದರೆ ಆರು ತಿಂಗಳ ಒಳಗೆ ಹೋಗಬೇಕು. ತಕ್ಕ ಕಾರಣ ತೋರಿಸಿದರೆ ಇನ್ನು 60 ದಿನ, ಅಷ್ಟೇ. ವಕೀಲರ ಹತ್ತಿರ ಅರ್ಜಿ ಸಿದ್ಧ ಮಾಡಿಸಿಟ್ಟು, ಅದರ ಪ್ರತಿಯನ್ನೇ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕರಾವಳಿ ವಲಯ ಸಮಿತಿಗೆ ಫೋಟೊ, ನಕ್ಷೆ ಸಮೇತ ಕಳಿಸಿದೆವು.

ಐದನೇ ತಿಂಗಳಲ್ಲಿ ಜಂಟಿ ಸ್ಥಳ ಪರಿಶೀಲನೆಗೆ ಬಂದರು. ಎರಡು ದಿನ ಮೊದಲು ಯಾರೋ ಹದಿನೈದು ಇಪ್ಪತ್ತು ಗಿಡ ಕಡಿದು ಹಾಕಿದ್ದರು. ಕಡಿದ ಬುಡ, ಹಳೆಯ ಫೋಟೊ, ಎರಡನ್ನೂ ಪಕ್ಕಪಕ್ಕ ಹಿಡಿದು ತೋರಿಸಿದೆ. ನನ್ನ ಕೈ ನಡುಗುತ್ತಿತ್ತು.

ಕಾಂಡ್ಲಾ ಇದ್ದ ಎರಡು ಸರ್ವೆ ನಂಬರುಗಳ ಪರಿವರ್ತನೆ ನಿಂತಿತು. ರಸ್ತೆ ಬದಿಯ ಮೂರನೆಯದನ್ನು ತಡೆಯಲು ನಮ್ಮಿಂದ ಆಗಲಿಲ್ಲ. ಅಲ್ಲಿ ಈಗ ಮನೆ ಏಳುತ್ತಿದೆ. ದಿನಾ ಅದೇ ದಾರಿಯಲ್ಲಿ ಹೋಗುವಾಗ ಇನ್ನೂ ಸಂಕಟವಾಗುತ್ತದೆ. ಈ ನಡುವೆ 2024ರಲ್ಲಿ ಅಘನಾಶಿನಿ ಅಳಿವೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಸಂತೋಷವೇ. ಆದರೂ ಪ್ರತಿ ಮೇ ತಿಂಗಳಲ್ಲಿ ಜಂತ್ರಡಿಯ ಅದೇ ಕಲ್ಲಿನ ಮೇಲೆ ನಿಂತು, ಅದೇ ದಿಕ್ಕಿಗೆ ಫೋಟೊ ತೆಗೆಯುತ್ತೇನೆ. ಹೋದ ಸಲ ಕಡಿದ ಬುಡಗಳ ಮಧ್ಯೆ ಹೊಸ ಸಸಿಗಳು ಎದ್ದಿದ್ದವು. ಅಜ್ಜಿ ಎಣಿಸಿ ನೋಡಿ ಮೂವತ್ತೊಂದು ಅಂದಳು.